ಮಹಾಸ್ಫೋಟವನ್ನು ಸಾಕ್ಷಿಗೆ ಕರೆದವರು

ಹನ್ನೆರಡನೆಯ ಶತಮಾನದ ಒಂದು ಪ್ರಸಂಗ. ಮೊರೊಕ್ಕೊ ಮತ್ತು ಮುಸ್ಲಿಂ ಸ್ಪೇನನ್ನು ಆಳುತ್ತಿದ್ದ ಮುವಹ್ಹಿದ್ ವಂಶದ ದೊರೆ ಅಬೂ ಯಾಕೂಬ್ ಯೂಸುಫರ ಬಳಿಗೆ ಆಸ್ಥಾನದ ವೈದ್ಯರೂ ದಾರ್ಶನಿಕರೂ ಆಗಿದ್ದ ಇಬ್ನು ತುಫೈಲ್ ಒಬ್ಬ ವಿದ್ವಾಂಸರನ್ನು ಕರೆದುಕೊಂಡು ಹೋಗುತ್ತಾರೆ. ದೊರೆ ಹೆಸರು, ತಂದೆಯ ಹೆಸರು, ಮನೆತನ ಎಲ್ಲ ವಿಚಾರಿಸುತ್ತಾರೆ. ಆಮೇಲೆ ಥಟ್ಟನೆ ಒಂದು ಪ್ರಶ್ನೆ: ಆಕಾಶದ ಬಗ್ಗೆ ದಾರ್ಶನಿಕರ ಅಭಿಪ್ರಾಯವೇನು? ಅದು ಅನಾದಿಯೋ, ಸೃಷ್ಟಿಯಾದದ್ದೋ?

ಬಂದವರು ಇಬ್ನು ರುಶ್ದ್. ಅರಿಸ್ಟಾಟಲನ ಗ್ರಂಥಗಳಿಗೆ ಅವರು ಮುಂದೆ ಬರೆದ ವ್ಯಾಖ್ಯಾನಗಳನ್ನು ಯುರೋಪು ಶತಮಾನಗಳ ಕಾಲ ಓದಿತು. ಆದರೆ ಆ ದಿನ ಅವರಿಗೆ ಬೆವರಿಳಿಯಿತು. ತಾನು ದರ್ಶನಶಾಸ್ತ್ರವನ್ನು ಓದಿಯೇ ಇಲ್ಲ ಎಂದು ನುಣುಚಿಕೊಳ್ಳಲು ನೋಡಿದರು. ದೊರೆಗೆ ಅವರ ಭಯ ಅರ್ಥವಾಯಿತು. ಇಬ್ನು ತುಫೈಲರ ಕಡೆಗೆ ತಿರುಗಿ ಪ್ಲೇಟೋ ಏನು ಹೇಳಿದ, ಅರಿಸ್ಟಾಟಲ್ ಏನು ಹೇಳಿದ, ಅದಕ್ಕೆ ಮುಸ್ಲಿಂ ವಿದ್ವಾಂಸರ ಆಕ್ಷೇಪಗಳೇನು ಎಂದು ತಾವೇ ಚರ್ಚೆ ಆರಂಭಿಸಿದರು. ಆಗ ಇಬ್ನು ರುಶ್ದರ ನಾಲಿಗೆ ಸಡಿಲಗೊಂಡಿತು. ಹೊರಡುವಾಗ ಹಣ, ಬೆಲೆಬಾಳುವ ನಿಲುವಂಗಿ, ಸವಾರಿಗೆ ಒಂದು ಪ್ರಾಣಿ ಅವರಿಗೆ ಉಡುಗೊರೆಯಾಗಿ ಸಿಕ್ಕವು. ಅವರ ಆ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಇದೇ ದೊರೆಯ ಮಗನ ಕಾಲದಲ್ಲಿ, 1195ರಲ್ಲಿ, ಇಬ್ನು ರುಶ್ದರನ್ನು ಗಡೀಪಾರು ಮಾಡಿ ಅವರ ದರ್ಶನಗ್ರಂಥಗಳನ್ನು ಸುಡಲಾಯಿತು.

ಅದೇ ಪ್ರಶ್ನೆ ಇಂದು ಪುಸ್ತಕದಂಗಡಿಯಲ್ಲಿ ಮಾರಾಟಕ್ಕಿದೆ. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಹುಡುಗರ ಕೈಯಲ್ಲಿ ಸ್ಟೀಫನ್ ಹಾಕಿಂಗ್ ಇರುತ್ತಾರೆ. ಅದೇ ಹುಡುಗ ಜುಮಾ ನಮಾಝ್ ಮುಗಿಸಿ ಹೊರಬಂದಾಗ ಕೈಗೆ ಸಿಗುವ ಕಿರುಹೊತ್ತಗೆಯಲ್ಲಿ ಮಹಾಸ್ಫೋಟವನ್ನು ಕುರ್‌ಆನ್ 1400 ವರ್ಷಗಳ ಹಿಂದೆಯೇ ಹೇಳಿತ್ತು ಎಂದಿರುತ್ತದೆ. ಒಂದು ಪುಸ್ತಕ ಭೌತಶಾಸ್ತ್ರವನ್ನು ಮುಂದಿಟ್ಟುಕೊಂಡು ಸೃಷ್ಟಿಕರ್ತನ ಅಗತ್ಯವಿಲ್ಲ ಎನ್ನುತ್ತದೆ. ಇನ್ನೊಂದು ಅದೇ ಭೌತಶಾಸ್ತ್ರವನ್ನು ಮುಂದಿಟ್ಟುಕೊಂಡು ಸೃಷ್ಟಿಕರ್ತ ಸಾಬೀತಾದ ಎನ್ನುತ್ತದೆ. ಮೇಲುನೋಟಕ್ಕೆ ಬದ್ಧವೈರಿಗಳಂತೆ ಕಾಣುವ ಈ ಎರಡೂ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಓದಿದರೆ ಎರಡರಲ್ಲಿಯೂ ಒಂದೇ ದೋಷವಿದೆ ಎಂದು ನನಗನಿಸಿದೆ. ತನ್ನ ವಿಷಯದಲ್ಲಿ ಇನ್ನೂ ಮಾತು ಮುಗಿಸದ ಒಂದು ಶಾಸ್ತ್ರವನ್ನು ಅವು ಬೇರೊಂದು ಮೊಕದ್ದಮೆಗೆ ಸಾಕ್ಷಿಯಾಗಿ ಎಳೆದು ತಂದಿವೆ.

ಮೊದಲು ಹಾಕಿಂಗ್. 1988ರಲ್ಲಿ ಪ್ರಕಟವಾದ ಅವರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' ಬಹಳ ಒಳ್ಳೆಯ ಪುಸ್ತಕ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಒಂದೊಂದು ಸಮೀಕರಣ ಸೇರಿಸಿದಾಗಲೂ ಓದುಗರ ಸಂಖ್ಯೆ ಅರ್ಧಕ್ಕಿಳಿಯುತ್ತದೆ ಎಂದು ಯಾರೋ ಎಚ್ಚರಿಸಿದ್ದರಿಂದ ಐನ್‌ಸ್ಟೈನರ ಪ್ರಸಿದ್ಧ ಸಮೀಕರಣ ಒಂದನ್ನು ಮಾತ್ರ ಉಳಿಸಿಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮಾತು ನಿಂತು, ಕೈಕಾಲು ಆಡದೆ, ಕುರ್ಚಿಯಲ್ಲಿ ಕುಳಿತ ಮನುಷ್ಯ ಕಾಲದ ಆರಂಭದ ಬಗ್ಗೆ ಇಷ್ಟು ತಿಳಿಯಾಗಿ, ನಡುನಡುವೆ ತಮಾಷೆ ಮಾಡುತ್ತ ಬರೆದದ್ದೇ ಒಂದು ಸೋಜಿಗ. ಆ ಪುಸ್ತಕದ ತಿರುಳು, ಅವರು ಅಮೆರಿಕದ ಜೇಮ್ಸ್ ಹಾರ್ಟಲ್ ಜೊತೆ 1983ರಲ್ಲಿ ಮಂಡಿಸಿದ 'ಅಂಚಿಲ್ಲದ ವಿಶ್ವ'ದ ಕಲ್ಪನೆ. ಭೂಮಿಯ ಮೇಲ್ಮೈಗೆ ವಿಸ್ತೀರ್ಣವಿದೆ, ಆದರೆ ಅಂಚಿಲ್ಲ. ಎಷ್ಟು ದೂರ ನಡೆದರೂ ಕೆಳಗೆ ಬೀಳುವ ಜಾಗ ಬರುವುದಿಲ್ಲ. ಉತ್ತರ ಧ್ರುವದಲ್ಲಿ ನಿಂತು ಇದಕ್ಕಿಂತ ಉತ್ತರಕ್ಕೆ ಏನಿದೆ ಎಂದು ಕೇಳಿದರೆ ಪ್ರಶ್ನೆಗೇ ಅರ್ಥವಿಲ್ಲ. ಕಾಲವೂ ತನ್ನ ಬುಡದಲ್ಲಿ ಹಾಗೆಯೇ ಇದ್ದರೆ ಮಹಾಸ್ಫೋಟಕ್ಕಿಂತ ಮೊದಲು ಏನಿತ್ತು ಎಂಬುದಕ್ಕೂ ಅರ್ಥವಿರುವುದಿಲ್ಲ. ಕಲ್ಪನೆ ಸುಂದರವಾಗಿದೆ. ಆದರೆ ಅದಿನ್ನೂ ಕಲ್ಪನೆಯೇ, ಪರೀಕ್ಷೆಯಲ್ಲಿ ತೇರ್ಗಡೆಯಾದ ಸಿದ್ಧಾಂತವಲ್ಲ. ಹಾಕಿಂಗ್ ಕೂಡ ಅದನ್ನು ಪ್ರಸ್ತಾವವೆಂದೇ ಕರೆದಿದ್ದರು. ಆದರೂ ಅದರ ಬೆನ್ನಿಗೇ ಅವರು ಕೇಳಿಬಿಟ್ಟರು: ವಿಶ್ವಕ್ಕೆ ಆರಂಭವೂ ಇಲ್ಲ, ಅಂತ್ಯವೂ ಇಲ್ಲ ಎಂದಾದರೆ ಸೃಷ್ಟಿಕರ್ತನಿಗೆ ಜಾಗವೆಲ್ಲಿ?

ಆರಂಭವಿಲ್ಲದಿದ್ದರೆ ಸೃಷ್ಟಿಕರ್ತ ಬೇಡ, ಆರಂಭವಿದ್ದರೆ ಬೇಕು ಎಂಬುದು ಭೌತಶಾಸ್ತ್ರದ ಫಲಿತಾಂಶವಲ್ಲ. ಅದು ತತ್ತ್ವಶಾಸ್ತ್ರದ ಒಂದು ನಿಲುವು. ಹಾಕಿಂಗ್ ಅದನ್ನು ಚರ್ಚಿಸದೆಯೇ ಸ್ವಯಂಸಿದ್ಧ ಎಂಬಂತೆ ಇಟ್ಟುಕೊಂಡಿದ್ದಾರೆ.

ಅದೇ ಪುಸ್ತಕದಲ್ಲಿ 1981ರ ವ್ಯಾಟಿಕನ್ ಸಮ್ಮೇಳನದ ಒಂದು ಕಥೆಯಿದೆ. ಮಹಾಸ್ಫೋಟದ ನಂತರದ್ದನ್ನು ಬೇಕಾದರೆ ಸಂಶೋಧಿಸಿ, ಮಹಾಸ್ಫೋಟವನ್ನೇ ಕೆದಕಬೇಡಿ, ಅದು ಸೃಷ್ಟಿಯ ಕ್ಷಣ ಎಂದು ಪೋಪ್ ವಿಜ್ಞಾನಿಗಳಿಗೆ ಹೇಳಿದರಂತೆ. ತಾನು ಆಗಷ್ಟೇ ಅದನ್ನೇ ಕೆದಕುವ ಉಪನ್ಯಾಸ ಕೊಟ್ಟು ಬಂದದ್ದು ಪೋಪರಿಗೆ ಗೊತ್ತಿರಲಿಲ್ಲ, ಗೆಲಿಲಿಯೋನ ಗತಿ ತನಗೆ ಬರಲಿಲ್ಲ ಎಂದು ಹಾಕಿಂಗ್ ನಗೆಯಾಡುತ್ತಾರೆ. ಎರಡನೆಯ ಜಾನ್ ಪಾಲ್ ಆ ವರ್ಷ ಅಕ್ಟೋಬರ್‌ನಲ್ಲಿ ಮಾಡಿದ ಭಾಷಣ ಅಚ್ಚಾಗಿ ಲಭ್ಯವಿದೆ. ಅದರಲ್ಲಿ ಯಾವ ನಿಷೇಧವೂ ಇಲ್ಲ. ವಿಶ್ವದ ಉಗಮದ ಯಾವ ವೈಜ್ಞಾನಿಕ ಊಹೆಯೂ ಮೂಲ ಆರಂಭದ ಪ್ರಶ್ನೆಯನ್ನು ತೆರೆದೇ ಇಡುತ್ತದೆ, ವಿಜ್ಞಾನವೊಂದೇ ಅದನ್ನು ಬಗೆಹರಿಸಲಾರದು ಎಂಬಷ್ಟೇ ಅದರ ಸಾರ. ಈ ಮಾತನ್ನು ಒಪ್ಪಬಹುದು, ಬಿಡಬಹುದು. ಆದರೆ 'ಕೆದಕಬೇಡಿ' ಎಂಬುದೇ ಬೇರೆ. ಲಕ್ಷಾಂತರ ಓದುಗರ ಮನಸ್ಸಿನಲ್ಲಿ ಉಳಿದದ್ದು ಹಾಕಿಂಗರ ಕಥೆ. ಚೆನ್ನಾಗಿ ಹೇಳಿದ ಕಥೆಯ ಮುಂದೆ ಅಚ್ಚಾದ ಭಾಷಣವನ್ನು ಯಾರು ಹುಡುಕಿ ಓದುತ್ತಾರೆ?

2010ರಲ್ಲಿ ಲಿಯೊನಾರ್ಡ್ ಮ್ಲೋಡಿನೋ ಜೊತೆ ಬರೆದ 'ದಿ ಗ್ರ್ಯಾಂಡ್ ಡಿಸೈನ್' ಹೊತ್ತಿಗೆ ಈ ಧಾಟಿ ಗಟ್ಟಿಯಾಗಿದೆ. ಪುಸ್ತಕದ ಮೊದಲ ಪುಟದಲ್ಲೇ ತತ್ತ್ವಶಾಸ್ತ್ರ ಸತ್ತಿದೆ ಎಂಬ ಘೋಷಣೆ. ಇನ್ನು ಮುಂದೆ ಅರಿವಿನ ದೀವಟಿಗೆ ಹಿಡಿಯುವವರು ವಿಜ್ಞಾನಿಗಳಂತೆ. ಮುಂದಿನ ಅಧ್ಯಾಯಗಳಲ್ಲಿ ಅವರು ಮಾಡುವುದೇನು? ವಾಸ್ತವ ಎಂದರೇನು, ನಮ್ಮ ಮಾದರಿಗಳಿಂದ ಹೊರತಾದ ವಾಸ್ತವವೊಂದು ಇದೆಯೇ, ನಿಯಮ ಎಂದರೇನು, ಮನುಷ್ಯನಿಗೆ ಸ್ವಂತ ಇಚ್ಛೆಯಿದೆಯೇ ಎಂಬ ಚರ್ಚೆ. ಇವೆಲ್ಲ ಶುದ್ಧ ತತ್ತ್ವಶಾಸ್ತ್ರದ ಪ್ರಶ್ನೆಗಳು. ಸತ್ತವನ ಮನೆಯ ಪಾತ್ರೆಗಳಲ್ಲೇ ಅಡುಗೆ ಮಾಡಿಕೊಂಡಂತಾಯಿತು.

ಆ ಪುಸ್ತಕದ ಅಂತಿಮ ತೀರ್ಮಾನ ಹೀಗೆ: ಗುರುತ್ವಾಕರ್ಷಣೆಯಂತಹ ನಿಯಮ ಇರುವುದರಿಂದ ವಿಶ್ವವು ಶೂನ್ಯದಿಂದ ತನ್ನನ್ನು ತಾನೇ ಸೃಷ್ಟಿಸಿಕೊಳ್ಳಬಲ್ಲದು, ದೇವರನ್ನು ಕರೆಯುವ ಅಗತ್ಯವಿಲ್ಲ. ಇದನ್ನು ಎರಡು ಸಲ ಓದಬೇಕು. ನಿಯಮ ಇದೆ ಎಂದ ಮೇಲೆ ಅದು ಶೂನ್ಯ ಹೇಗಾಗುತ್ತದೆ? ಇನ್ನು, ನಿಯಮವು ಏನನ್ನಾದರೂ ಮಾಡುತ್ತದೆಯೇ? ವಸ್ತುಗಳು ಹೇಗೆ ವರ್ತಿಸುತ್ತವೆ ಎಂಬುದರ ವಿವರಣೆಯೇ ನಿಯಮ. ಎರಡಕ್ಕೆ ಎರಡು ಸೇರಿದರೆ ನಾಲ್ಕು ಎಂಬ ನಿಯಮ ಯಾರ ಜೇಬಿಗೂ ನಾಲ್ಕು ರೂಪಾಯಿ ಹಾಕಿದ್ದಿಲ್ಲ. ವಿಚಿತ್ರವೆಂದರೆ, 1988ರ ಹಾಕಿಂಗರಿಗೆ ಇದು ಗೊತ್ತಿತ್ತು. ಸಮೀಕರಣಗಳಿಗೆ ಜೀವ ತುಂಬಿ ಅವು ವಿವರಿಸುವ ವಿಶ್ವವನ್ನು ಇರುವಂತೆ ಮಾಡುವುದು ಯಾವುದು ಎಂದು ಆ ಪುಸ್ತಕದ ಕೊನೆಯಲ್ಲಿ ಕೇಳಿದವರು ಅವರೇ. ಇಪ್ಪತ್ತೆರಡು ವರ್ಷಗಳ ನಂತರದ ಪುಸ್ತಕ ಆ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ, ಅದನ್ನು ಮರೆತಿದೆ. 2018ರಲ್ಲಿ ಅವರ ಮರಣದ ನಂತರ ಹೊರಬಂದ ಕೊನೆಯ ಪುಸ್ತಕದಲ್ಲಿಯೂ ನೆನಪಿಸಿಕೊಂಡಿಲ್ಲ.

2012ರಲ್ಲಿ ಲಾರೆನ್ಸ್ ಕ್ರಾಸ್ ಬರೆದ 'ಎ ಯೂನಿವರ್ಸ್ ಫ್ರಮ್ ನಥಿಂಗ್' ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಕ್ವಾಂಟಂ ಭೌತಶಾಸ್ತ್ರದ ಪ್ರಕಾರ ಪೂರ್ತಿ ಬರಿದಾದ ಅವಕಾಶದಲ್ಲಿಯೂ ಕಣಗಳು ಹುಟ್ಟಿ ಅಳಿಯುತ್ತಿರುತ್ತವೆ, ವಿಶ್ವವೂ ಹಾಗೆಯೇ ಹುಟ್ಟಿರಬಹುದು ಎಂಬುದು ಅವರ ವಾದ. ಭೌತಶಾಸ್ತ್ರವನ್ನೂ ಕಲಿತ ತತ್ತ್ವಶಾಸ್ತ್ರಜ್ಞ ಡೇವಿಡ್ ಆಲ್ಬರ್ಟ್ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಈ ಪುಸ್ತಕವನ್ನು ವಿಮರ್ಶಿಸುತ್ತ, ಈ 'ಬರಿದು' ಬರಿದಲ್ಲ, ಅಲ್ಲಿ ಕ್ವಾಂಟಂ ಕ್ಷೇತ್ರಗಳಿವೆ, ಕಣಗಳಿಲ್ಲದಿರುವುದು ಅವುಗಳ ಒಂದು ಸ್ಥಿತಿ ಮಾತ್ರ ಎಂದು ತೋರಿಸಿದರು. ಅಂಗಡಿಯಲ್ಲಿ ಸರಕಿಲ್ಲ ಎನ್ನುವುದು ಬೇರೆ, ಅಂಗಡಿಯೇ ಇಲ್ಲ ಎನ್ನುವುದು ಬೇರೆ. ಕ್ರಾಸ್ ಮುಂದಿನ ಅಧ್ಯಾಯಗಳಲ್ಲಿ ಅವಕಾಶವೂ ಇಲ್ಲದ, ನಿಯಮಗಳೂ ಆಕಸ್ಮಿಕವಾದ ಸ್ಥಿತಿಯವರೆಗೆ ಹೋಗಲು ಯತ್ನಿಸುತ್ತಾರೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಹೋದಷ್ಟೂ ಪ್ರಯೋಗದ ನೆಲ ಕಾಲಡಿಯಿಂದ ಜಾರುತ್ತದೆ.

ಇಷ್ಟು ಓದಿ ನಮ್ಮಲ್ಲಿ ಕೆಲವರಿಗೆ ಖುಷಿಯಾಗಿರಬಹುದು. ಆ ಖುಷಿಯನ್ನು ಸ್ವಲ್ಪ ತಡೆಹಿಡಿಯಿರಿ. ಇದೇ ತಪ್ಪನ್ನು ಆಸ್ತಿಕರು ನಾಸ್ತಿಕರಿಗಿಂತ ಮೊದಲೇ ಮಾಡಿದ್ದಾರೆ.

ಮಹಾಸ್ಫೋಟ ಸಿದ್ಧಾಂತಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು ಬೆಲ್ಜಿಯಂನ ಕೆಥೊಲಿಕ್ ಪಾದ್ರಿ ಜಾರ್ಜ್ ಲಮೆತ್ರ್. ಅವರಿಗಿಂತ ಮೊದಲು ಐನ್‌ಸ್ಟೈನ್ 1917ರಲ್ಲಿ ತಮ್ಮ ಸಮೀಕರಣಗಳನ್ನು ಇಡೀ ವಿಶ್ವಕ್ಕೆ ಅನ್ವಯಿಸಿದಾಗ ವಿಶ್ವ ನಿಶ್ಚಲವಾಗಿರಬೇಕೆಂಬ ನಂಬಿಕೆಯಿಂದ ಒಂದು ಹೊಸ ಸ್ಥಿರಾಂಕವನ್ನೇ ಸೇರಿಸಿದ್ದರು. ರಷ್ಯದ ಅಲೆಕ್ಸಾಂಡರ್ ಫ್ರೀಡ್‌ಮನ್ 1922ರಲ್ಲಿ, ಲಮೆತ್ರ್ 1927ರಲ್ಲಿ ವಿಶ್ವ ಹಿಗ್ಗುತ್ತಿರಬಹುದೆಂದು ಲೆಕ್ಕ ಹಾಕಿ ತೋರಿಸಿದರು. ಗ್ಯಾಲಕ್ಸಿಗಳು ದೂರವಾದಷ್ಟೂ ಹೆಚ್ಚು ವೇಗದಲ್ಲಿ ನಮ್ಮಿಂದ ಸರಿಯುತ್ತಿವೆ ಎಂಬುದಕ್ಕೆ 1929ರಲ್ಲಿ ಎಡ್ವಿನ್ ಹಬಲ್ ಬಲವಾದ ಪುರಾವೆ ಕೊಟ್ಟರು. 1931ರಲ್ಲಿ ಲಮೆತ್ರ್ ಇಡೀ ವಿಶ್ವ ಒಂದು 'ಆದಿಮ ಪರಮಾಣು'ವಿನಿಂದ ಹೊರಟಿರಬೇಕು ಎಂದರು.

1951ರ ನವೆಂಬರ್ 22ರಂದು ಪೋಪ್ ಹನ್ನೆರಡನೆಯ ಪಯಸ್ ತಮ್ಮ ವಿಜ್ಞಾನ ಅಕಾಡೆಮಿಯನ್ನು ಉದ್ದೇಶಿಸಿ ಮಾತನಾಡುತ್ತ, ಬೆಳಕಾಗಲಿ ಎಂದ ಆ ಆದಿಕ್ಷಣಕ್ಕೆ ಇಂದಿನ ವಿಜ್ಞಾನ ಸಾಕ್ಷಿಯಾಗಿದೆ ಎಂಬರ್ಥದ ಮಾತು ಹೇಳಿದರು. ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಬೇಕಾದವರು ಲಮೆತ್ರ್. ಪಾದ್ರಿಯೂ ಅವರೇ, ಸಿದ್ಧಾಂತವೂ ಅವರದೇ. ಆದರೆ ಅವರಿಗೆ ಬೇಸರವಾಯಿತು. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಗೆ ಸಂಬಂಧಪಟ್ಟದ್ದಲ್ಲ, ಆಸ್ತಿಕನೂ ನಾಸ್ತಿಕನೂ ಅದನ್ನು ಸಮಾನವಾಗಿ ಒಪ್ಪಬಹುದು, ತಳ್ಳಬಹುದು ಎಂಬುದು ಅವರ ಖಚಿತ ನಿಲುವಾಗಿತ್ತು. ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರ ಜೊತೆ ಮಾತನಾಡಿ ಪೋಪರಿಗೆ ವಿಷಯ ಮುಟ್ಟಿಸಿದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ರೋಮ್‌ನಲ್ಲಿ ಸೇರಿದಾಗ ಪೋಪ್ ಅವರ ಮುಂದೆ ಮಾತನಾಡಿದರು, ಆದರೆ ಆ ಸಾಕ್ಷಿಯ ಮಾತನ್ನು ಎತ್ತಲಿಲ್ಲ.

ಎತ್ತದಿದ್ದದ್ದು ಒಳ್ಳೆಯದೇ ಆಯಿತು. ಹಬಲ್‌ರ ಅಳತೆಯ ಪ್ರಕಾರ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಬರುತ್ತಿತ್ತು. ಭೂಮಿಯ ವಯಸ್ಸೋ ಅದಕ್ಕಿಂತ ಹೆಚ್ಚು ಎಂದು ಭೂವಿಜ್ಞಾನಿಗಳು ಆಗಲೇ ಹೇಳುತ್ತಿದ್ದರು. ಮಗುವಿಗಿಂತ ತಾಯಿ ಚಿಕ್ಕವಳು! ಅಂದರೆ ಪೋಪ್ ಸಾಕ್ಷಿಗೆ ಕರೆದ ಹೊತ್ತಿನಲ್ಲಿ ಸಾಕ್ಷಿಯ ಹೇಳಿಕೆಯಲ್ಲೇ ಗೊಂದಲವಿತ್ತು. ಗ್ಯಾಲಕ್ಸಿಗಳ ದೂರದ ಅಳತೆಗೋಲೇ ತಪ್ಪಿತ್ತು, ಅವು ತಿಳಿದದ್ದಕ್ಕಿಂತ ಸುಮಾರು ಎರಡು ಪಟ್ಟು ದೂರದಲ್ಲಿವೆ ಎಂದು ವಾಲ್ಟರ್ ಬಾಡೆ ಪ್ರಕಟಿಸಿದ್ದು 1952ರ ಅದೇ ರೋಮ್ ಸಭೆಯಲ್ಲಿ. ಇಂದು ನಾವು ಹೇಳುವ 1380 ಕೋಟಿ ವರ್ಷ ಅನೇಕ ತಿದ್ದುಪಡಿಗಳ ನಂತರ ಬಂದ ಸಂಖ್ಯೆ.

ಎದುರು ಪಾಳಯದಲ್ಲಿ ಫ್ರೆಡ್ ಹಾಯ್ಲ್ ಇದ್ದರು. ಬಾಂಡಿ ಮತ್ತು ಗೋಲ್ಡ್ ಎಂಬ ಗೆಳೆಯರೊಂದಿಗೆ ಅವರು 1948ರಲ್ಲಿ ಸ್ಥಿರಸ್ಥಿತಿ ಸಿದ್ಧಾಂತ ಮುಂದಿಟ್ಟರು. ವಿಶ್ವ ಹಿಗ್ಗುತ್ತದೆ, ಆದರೆ ಖಾಲಿಯಾದ ಜಾಗದಲ್ಲಿ ಹೊಸ ದ್ರವ್ಯ ಹುಟ್ಟುತ್ತಿರುತ್ತದೆ, ಹಾಗಾಗಿ ಅದು ಯಾವಾಗಲೂ ಹೀಗೆಯೇ ಇತ್ತು, ಹೀಗೆಯೇ ಇರುತ್ತದೆ. ನಮ್ಮ ಜಯಂತ ನಾರ್ಳೀಕರ್ ಹಾಯ್ಲ್‌ರ ಶಿಷ್ಯರಾಗಿ ಈ ಚಿಂತನೆಯನ್ನು ಮುಂದುವರಿಸಿದವರು, 2025ರಲ್ಲಿ ತೀರಿಕೊಳ್ಳುವವರೆಗೂ ಮಹಾಸ್ಫೋಟದ ಬಗ್ಗೆ ಸಂಶಯ ಉಳಿಸಿಕೊಂಡವರು. 1949ರ ಬಿಬಿಸಿ ಭಾಷಣದಲ್ಲಿ 'ಬಿಗ್ ಬ್ಯಾಂಗ್' ಎಂಬ ಹೆಸರು ಹುಟ್ಟಿದ್ದೂ ಹಾಯ್ಲ್ ಬಾಯಿಯಿಂದಲೇ. ಮಹಾಸ್ಫೋಟದಲ್ಲಿ ಅವರಿಗೆ ಧರ್ಮದ ವಾಸನೆ ಬಡಿದದ್ದೂ ಅವರ ವಿರೋಧಕ್ಕೆ ಒಂದು ಕಾರಣ. ಕೊನೆಗೆ ವ್ಯಾಜ್ಯ ಇತ್ಯರ್ಥವಾದದ್ದು ಪೋಪರ ಭಾಷಣದಿಂದಲೂ ಅಲ್ಲ, ಹಾಯ್ಲ್‌ರ ನಾಸ್ತಿಕತೆಯಿಂದಲೂ ಅಲ್ಲ. 1965ರಲ್ಲಿ ನ್ಯೂಜೆರ್ಸಿಯ ಒಂದು ದೊಡ್ಡ ಆ್ಯಂಟೆನಾದಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರಿಗೆ ಹೋಗಲಾಡಿಸಲಾಗದ ಒಂದು ಸದ್ದು ಸಿಕ್ಕಿತು. ಪಾರಿವಾಳದ ಹಿಕ್ಕೆಯಿಂದ ಬರುತ್ತಿದೆಯೇನೋ ಎಂದು ಒಳಗೆ ತೊಳೆದೂ ನೋಡಿದರು. ಸದ್ದು ಹೋಗಲಿಲ್ಲ. ಅದು ಎಳೆಯ ವಿಶ್ವದ ಬಿಸಿ ಆರುತ್ತಾ ಬಂದು ಉಳಿದ ವಿಕಿರಣ. ಹಳೆಯ ಟಿ.ವಿ.ಗಳಲ್ಲಿ ಚಾನೆಲ್ ಇಲ್ಲದ ಕಡೆ ಕಾಣುತ್ತಿದ್ದ ಚುಕ್ಕೆಗಳ ಕುಣಿತದಲ್ಲಿ ಅದರ ಅಲ್ಪ ಪಾಲೂ ಇರುತ್ತಿತ್ತು.

ಈಗ ನಮ್ಮ ಮನೆಯ ವಿಚಾರ. ಫ್ರೆಂಚ್ ವೈದ್ಯ ಮೋರಿಸ್ ಬುಕಾಯ್ 1976ರಲ್ಲಿ ಬೈಬಲ್, ಕುರ್‌ಆನ್ ಮತ್ತು ವಿಜ್ಞಾನದ ಬಗ್ಗೆ ಬರೆದ ಪುಸ್ತಕ ಮುಸ್ಲಿಂ ಜಗತ್ತಿನಲ್ಲಿ ಒಂದು ಅಲೆಯನ್ನೇ ಎಬ್ಬಿಸಿತು. ಅದರ ಬೆನ್ನಿಗೆ ನೂರಾರು ಕಿರುಹೊತ್ತಗೆಗಳು, ಕ್ಯಾಸೆಟ್‌ಗಳು, ಸಿ.ಡಿ.ಗಳು ಬಂದವು. ಈ ಲೇಖಕನೂ ಆ ಅಲೆಯಲ್ಲಿ ತೇಲಿದವನೇ. ಸುಮಾರು ಮೂವತ್ತು ವರ್ಷಗಳ ಹಿಂದೆ ಕಾಲೇಜಿನ ಒಂದು ಸಭೆಯಲ್ಲಿ, ಆಕಾಶ ಮತ್ತು ಭೂಮಿ ಒಂದಾಗಿದ್ದವು, ನಂತರ ಬೇರ್ಪಡಿಸಲಾಯಿತು ಎಂಬ ಅರ್ಥದ ಅಲ್ ಅಂಬಿಯಾ ಅಧ್ಯಾಯದ 30ನೆಯ ವಚನವನ್ನು ಮಹಾಸ್ಫೋಟಕ್ಕೆ, ಅದ್ಸಾರಿಯಾತ್ ಅಧ್ಯಾಯದ 47ನೆಯ ವಚನವನ್ನು ಹಿಗ್ಗುವ ವಿಶ್ವಕ್ಕೆ ಜೋಡಿಸಿ ಅರ್ಧ ಗಂಟೆ ಆವೇಶದಿಂದ ಮಾತನಾಡಿದ್ದೆ. ಚಪ್ಪಾಳೆಯೂ ಬಿತ್ತು. ಕೆಳಗಿಳಿದಾಗ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ಚೆನ್ನಾಗಿ ಮಾತಾಡಿದೆಯಪ್ಪ. ಒಂದೇ ಸಂಶಯ. ನಾಳೆ ನಾವು ವಿಜ್ಞಾನದವರು ಮಹಾಸ್ಫೋಟ ಆಗಲೇ ಇಲ್ಲ ಅಂದುಬಿಟ್ಟರೆ ನೀನು ಯಾವುದನ್ನು ಬಿಡ್ತೀಯ? ನಮ್ಮ ಪುಸ್ತಕಾನೋ, ನಿನ್ನ ಗ್ರಂಥಾನೋ?"

"ಹಾಗಾಗೋದಿಲ್ಲ ಸಾರ್" ಎಂದೆ. ಅವರು ನಕ್ಕು ಹೊರಟುಹೋದರು. ಗೇಲಿಯ ನಗೆಯಾಗಿರಲಿಲ್ಲ ಅದು.

ಆ ಪ್ರಶ್ನೆಯ ಭಾರ ತಿಳಿಯಲು ನನಗೆ ವರ್ಷಗಳೇ ಬೇಕಾದವು. ಹಳೆಯ ವ್ಯಾಖ್ಯಾನಗಳನ್ನು ತೆರೆದು ನೋಡಿದಾಗ ಮೊದಲ ಪೆಟ್ಟು ಬಿತ್ತು. ಅಂಬಿಯಾದ ಆ ವಚನಕ್ಕೆ ಇಬ್ನು ಅಬ್ಬಾಸರ ಹೆಸರಿನಲ್ಲಿ ಬಂದಿರುವ ಪ್ರಸಿದ್ಧ ವಿವರಣೆಯೇ ಬೇರೆ. ಆಕಾಶ ಮಳೆಯಿಲ್ಲದೆ ಮುಚ್ಚಿಕೊಂಡಿತ್ತು, ಭೂಮಿ ಬೆಳೆಯಿಲ್ಲದೆ ಮುಚ್ಚಿಕೊಂಡಿತ್ತು, ಒಂದನ್ನು ಮಳೆಯಿಂದ, ಇನ್ನೊಂದನ್ನು ಸಸ್ಯದಿಂದ ತೆರೆಯಲಾಯಿತು ಎಂದು. ಅದೇ ವಚನ ಮುಂದುವರಿದು ನೀರಿನ ಬಗ್ಗೆ ಮಾತನಾಡುತ್ತದೆ ಎಂಬುದನ್ನು ನೋಡಿದರೆ ಈ ಅರ್ಥ ಎಷ್ಟು ಸಹಜ! ಇನ್ನು 'ಮೂಸಿಊನ್' ಎಂಬ ಪದಕ್ಕೆ ಹಳೆಯ ವ್ಯಾಖ್ಯಾನಕಾರರಲ್ಲಿ ಹಲವರು ಸಾಮರ್ಥ್ಯ, ವೈಶಾಲ್ಯ ಎಂಬ ಅರ್ಥ ಕೊಟ್ಟಿದ್ದಾರೆ. ಅಲ್ ಬಕರಾ ಅಧ್ಯಾಯದಲ್ಲಿ ಅದೇ ಧಾತುವಿನ 'ಮೂಸಿಅ್' ಎಂದರೆ ಅನುಕೂಲಸ್ಥ, ಕೈಲಾದವನು. ಅದಕ್ಕೆ 'ಹಿಗ್ಗಿಸುತ್ತಿದ್ದೇವೆ' ಎಂಬ ಅರ್ಥ ಹೊಂದುವುದಿಲ್ಲ ಎನ್ನುವ ಹಠ ನನಗಿಲ್ಲ. ಆದರೆ ಅದೊಂದೇ ಅರ್ಥ, ಅದೂ ಹಬಲ್ ನೋಡಿದ್ದೇ ಎನ್ನುವುದು ಪದದ ಮೇಲೆ ಹೊರಗಿನಿಂದ ಹೇರಿದ ಹೊರೆ. ಹೇರಿದರೂ ಪ್ರಯೋಜನವೇನು? ಹಾಯ್ಲ್‌ರ ಆರಂಭವಿಲ್ಲದ ವಿಶ್ವವೂ ಹಿಗ್ಗುತ್ತಲೇ ಇತ್ತಲ್ಲ! 1917ರಲ್ಲಿ ಇಂತಹ ಕಿರುಹೊತ್ತಗೆಗಳಿದ್ದಿದ್ದರೆ ಐನ್‌ಸ್ಟೈನರ ನಿಶ್ಚಲ ವಿಶ್ವಕ್ಕೂ ಯಾರಾದರೂ ಒಂದು ವಚನವನ್ನು ಹುಡುಕಿಕೊಡುತ್ತಿದ್ದರು.

ಎರಡನೆಯ ಪೆಟ್ಟು ಕೊಟ್ಟವರು ಇಮಾಮ್ ಗಝ್ಝಾಲಿ. 1095ರ ಹೊತ್ತಿಗೆ ಅವರು ಬರೆದ 'ತಹಾಫುತುಲ್ ಫಲಾಸಿಫ', ಅಂದರೆ ದಾರ್ಶನಿಕರ ಅಸಂಗತತೆ, ದರ್ಶನಶಾಸ್ತ್ರದ ವಿರುದ್ಧದ ಗ್ರಂಥವೆಂದೇ ಹೆಸರಾಗಿದೆ. ಅದರ ಎರಡನೆಯ ಪೀಠಿಕೆಯನ್ನು ಓದಿದವರು ಕಡಿಮೆ. ಅಲ್ಲಿ ಅವರು ಗ್ರಹಣದ ಉದಾಹರಣೆ ತೆಗೆದುಕೊಳ್ಳುತ್ತಾರೆ. ಸೂರ್ಯನಿಗೂ ನೋಡುವವನಿಗೂ ನಡುವೆ ಚಂದ್ರ ಬಂದಾಗ ಸೂರ್ಯಗ್ರಹಣವಾಗುತ್ತದೆ ಎಂಬುದು ಲೆಕ್ಕದಿಂದ ಸಿದ್ಧವಾದ ವಿಚಾರ. ಇದನ್ನು ಅಲ್ಲಗಳೆಯುವುದು ಧರ್ಮದ ಕರ್ತವ್ಯವೆಂದು ತಿಳಿದವನು ಧರ್ಮಕ್ಕೇ ದ್ರೋಹ ಬಗೆಯುತ್ತಾನೆ. ಏಕೆಂದರೆ ಗ್ರಹಣ ಯಾವಾಗ, ಎಷ್ಟು ಹೊತ್ತು ಎಂದು ಮೊದಲೇ ಹೇಳಬಲ್ಲವನಿಗೆ ಇದು ಧರ್ಮಕ್ಕೆ ವಿರುದ್ಧ ಎಂದರೆ ಅವನು ತನ್ನ ಲೆಕ್ಕವನ್ನು ಸಂಶಯಿಸುವುದಿಲ್ಲ, ಧರ್ಮವನ್ನು ಸಂಶಯಿಸುತ್ತಾನೆ. ಅಡ್ಡದಾರಿಯಿಂದ ಧರ್ಮವನ್ನು ಸಮರ್ಥಿಸುವವನಿಂದ ಆಗುವ ಹಾನಿ, ನೇರವಾಗಿ ಆಕ್ರಮಿಸುವವನಿಂದ ಆಗುವ ಹಾನಿಗಿಂತ ದೊಡ್ಡದು ಎಂಬರ್ಥದ ಮಾತನ್ನೂ ಸೇರಿಸುತ್ತಾರೆ. ಜಗತ್ತು ಗೋಲವೋ, ಚಪ್ಪಟೆಯೋ, ಆಕಾಶದ ಪದರಗಳು ಎಷ್ಟು ಎಂಬುದಲ್ಲ ತನಗೆ ಮುಖ್ಯ, ಅದು ಹೇಗೇ ಇರಲಿ, ದೇವನ ಕೃತಿ ಹೌದೋ ಅಲ್ಲವೋ ಎಂಬುದಷ್ಟೇ ಎನ್ನುತ್ತಾರೆ. ಒಂಬೈನೂರು ವರ್ಷ ಹಿಂದಿನ ಈ ಪುಟಗಳು ನಮ್ಮ ಕಿರುಹೊತ್ತಗೆಗಳ ಲೇಖಕರ ಕಣ್ಣಿಗೆ ಏಕೆ ಬೀಳಲಿಲ್ಲವೋ!

ಇದೇ ಗ್ರಂಥದ ಹದಿನೇಳನೆಯ ಚರ್ಚೆ ಹಾಕಿಂಗರಿಗೂ ಉತ್ತರದಂತಿದೆ. ಬೆಂಕಿ ತಾಗಿದಾಗ ಹತ್ತಿ ಸುಡುವುದನ್ನು ನಾವು ನೋಡಿದ್ದೇವೆ. ಬೆಂಕಿ ತಾಗಿದಾಗ ಸುಡುತ್ತದೆ ಎಂಬುದಕ್ಕೆ ಅದು ಪುರಾವೆ, ಬೆಂಕಿಯ ನಿಯಮವೇ ಅದನ್ನು ಸುಟ್ಟಿತು ಎಂಬುದಕ್ಕಲ್ಲ ಎಂದು ಗಝ್ಝಾಲಿ ವಾದಿಸುತ್ತಾರೆ. ನಿಯಮವನ್ನು ಕರ್ತೃವಿನ ಪೀಠದಲ್ಲಿ ಕೂರಿಸುವವರ ಬಗ್ಗೆ ಇದು ಇಂದಿಗೂ ಕೇಳಬೇಕಾದ ಪ್ರಶ್ನೆ. ಆದರೆ ಇಬ್ನು ರುಶ್ದ್ ಸುಮ್ಮನಿರಲಿಲ್ಲ. 'ತಹಾಫುತು ತ್ತಹಾಫುತ್' ಎಂಬ ಮರುಗ್ರಂಥದಲ್ಲಿ ಅವರು, ಕಾರಣಗಳನ್ನು ಅಲ್ಲಗಳೆದರೆ ಬುದ್ಧಿಯನ್ನೇ ಅಲ್ಲಗಳೆದಂತೆ, ವಸ್ತುಗಳಿಗೆ ಸ್ವಭಾವವೇ ಇಲ್ಲವೆಂದಾದರೆ ಜ್ಞಾನ ಎಂಬುದೇ ಉಳಿಯುವುದಿಲ್ಲ ಎಂದು ತಿರುಗಿ ಹೊಡೆದರು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವನ ಮನಸ್ಸು ಇಬ್ನು ರುಶ್ದರ ಕಡೆಗೇ ವಾಲುತ್ತದೆ, ನನ್ನದೂ ಕೂಡ.

ವಿಶ್ವದ ಆರಂಭದ ವಿಷಯದಲ್ಲಿ ಗಝ್ಝಾಲಿ ಮೃದುವಾಗಿರಲಿಲ್ಲ. ಜಗತ್ತು ಅನಾದಿ ಎನ್ನುವುದನ್ನು ಅವರು ಧರ್ಮಬಾಹಿರವೆಂದೇ ಎಣಿಸಿದ ಮೂರು ವಿಚಾರಗಳಲ್ಲಿ ಸೇರಿಸಿದರು. 'ಫಸ್ಲುಲ್ ಮಕಾಲ್' ಎಂಬ ಪುಟ್ಟ ಕೃತಿಯಲ್ಲಿ ಇಬ್ನು ರುಶ್ದ್ ಕೊಟ್ಟ ಉತ್ತರ ಬೆರಗು ಹುಟ್ಟಿಸುವಂಥದ್ದು. ಈ ವಿಚಾರದಲ್ಲಿ ಎರಡೂ ಪಕ್ಷಗಳ ಜಗಳ ಹೆಚ್ಚೂ ಕಡಿಮೆ ಹೆಸರಿನ ಜಗಳ ಎನ್ನುತ್ತಾರೆ ಅವರು. ಮಾತ್ರವಲ್ಲ, ಕುರ್‌ಆನಿನ ವಚನಗಳನ್ನು ಅಕ್ಷರಶಃ ತೆಗೆದುಕೊಂಡರೆ ಆಕಾಶ, ಭೂಮಿಗಿಂತ ಮೊದಲೇ ಸಿಂಹಾಸನವೂ ನೀರೂ ಇದ್ದವೆಂದು, ಆಕಾಶವು ಹೊಗೆಯಿಂದಾಯಿತೆಂದು ಬರುತ್ತದೆ, ದೇವನು ಕೇವಲ ಶೂನ್ಯದೊಂದಿಗೆ ಇದ್ದನು ಎಂದು ಎಲ್ಲಿಯೂ ಬರುವುದಿಲ್ಲ ಎಂದು ತೋರಿಸುತ್ತಾರೆ. ಒಪ್ಪಲೇಬೇಕೆಂದಲ್ಲ. ಆದರೆ ಒಂದೇ ಗ್ರಂಥವನ್ನು ಓದಿದ ಇಬ್ಬರು ಮಹಾ ವಿದ್ವಾಂಸರು ಈ ವಿಚಾರದಲ್ಲಿ ಇಷ್ಟು ದೂರ ನಿಂತಿದ್ದರು. ನಮ್ಮ ಕಿರುಹೊತ್ತಗೆಗಳ ಓದುಗನಿಗೆ ಹೀಗೊಂದು ಚರ್ಚೆ ನಡೆದಿತ್ತೆಂಬ ಸುಳಿವೇ ಸಿಗುವುದಿಲ್ಲ.

ಇಬ್ಬರಿಗಿಂತಲೂ ನನಗೆ ಹೆಚ್ಚು ಹತ್ತಿರವಾದವರು ಮೊದಲಿಗೆ ಹೇಳಿದ ಇಬ್ನು ತುಫೈಲ್. ಅವರ 'ಹಯ್ಯಿಬ್ನು ಯಕ್‌ಝಾನ್' ಕಥೆಯಲ್ಲಿ ಒಂಟಿ ದ್ವೀಪದಲ್ಲಿ ಜಿಂಕೆಯ ಹಾಲು ಕುಡಿದು ಬೆಳೆದ ಹಯ್ಯ್, ಗುರುವೂ ಗ್ರಂಥವೂ ಇಲ್ಲದೆ ಆಕಾಶವನ್ನು ನೋಡಿ ಯೋಚಿಸುತ್ತಾನೆ. ಜಗತ್ತು ಅನಾದಿಯೇ, ಹೊಸದಾಗಿ ಉಂಟಾದದ್ದೇ? ವರ್ಷಗಟ್ಟಲೆ ತರ್ಕಿಸುತ್ತಾನೆ. ಎರಡೂ ಕಡೆ ಬಲವಾದ ಆಕ್ಷೇಪಗಳು ಎದುರಾಗುತ್ತವೆ, ಯಾವುದೂ ಗೆಲ್ಲುವುದಿಲ್ಲ. ಕೊನೆಗೆ, ಎರಡರಲ್ಲಿ ಯಾವುದನ್ನು ಹಿಡಿದು ಹೊರಟರೂ ತಾನು ತಲುಪುವುದು ದೇಹವಿಲ್ಲದ ಒಬ್ಬ ಕರ್ತೃವಿನ ಬಳಿಗೇ ಎಂದು ಕಂಡುಕೊಂಡು ಆ ಜಗಳವನ್ನು ಅಲ್ಲಿಗೇ ಬಿಡುತ್ತಾನೆ. ಆ ಕೊನೆಯ ಹೆಜ್ಜೆಯನ್ನು ನಾಸ್ತಿಕನು ಒಪ್ಪುವುದಿಲ್ಲ, ಸರಿ. ಆದರೆ ಆರಂಭವಿದೆಯೇ ಇಲ್ಲವೇ ಎಂಬುದರ ಮೇಲೆ ಎಲ್ಲವನ್ನೂ ನಿಲ್ಲಿಸಬೇಕಾಗಿಲ್ಲ ಎಂಬ ತಿಳಿವು ಆ ಕಾಡಿನ ಹುಡುಗನಿಗಿತ್ತು. ಕ್ರೈಸ್ತರಲ್ಲಿ ಥಾಮಸ್ ಅಕ್ವಿನಾಸ್ ಮುಂದಿನ ಶತಮಾನದಲ್ಲಿ ಇದೇ ಜಾಡಿನಲ್ಲಿ, ಜಗತ್ತಿಗೆ ಆರಂಭವಿದೆ ಎಂಬುದು ನಂಬಿಕೆಯ ವಿಷಯ, ತರ್ಕದಿಂದ ಸಾಧಿಸಲಾಗದು ಎಂದರು.

ಇದಕ್ಕೆ ನಮ್ಮ ನೆಲದ ಇನ್ನೊಂದು ಸಾಕ್ಷ್ಯವೂ ಇದೆ. ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಮಹಾಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನೇ ತರ್ಕದಿಂದ ಖಂಡಿಸಿದ್ದಾರೆ. ದೇವರು ಜಗತ್ತನ್ನು ಮಾಡಿದನೆಂದರೆ ಅದಕ್ಕೂ ಮೊದಲು ಅವನು ಎಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ ಎಂದು ಕೇಳಿ, ಲೋಕವು ಅನಾದಿ, ಅಂತ್ಯವಿಲ್ಲದ್ದು ಎಂದು ಹೇಳಿದ್ದಾರೆ. ಪಂಪ ತನ್ನ ಆದಿಪುರಾಣಕ್ಕೆ ಆಧಾರವಾಗಿ ಇಟ್ಟುಕೊಂಡದ್ದು ಈ ಗ್ರಂಥವನ್ನೇ. ನಾನು ಜಿನಸೇನರ ತೀರ್ಮಾನವನ್ನು ಒಪ್ಪುವವನಲ್ಲ. ಆದರೆ ವಿಶ್ವಕ್ಕೆ ಆರಂಭವಿಲ್ಲ ಎಂದ ಕೂಡಲೇ ಧರ್ಮ, ವೈರಾ​ಗ್ಯ, ಅಹಿಂಸೆ ಎಲ್ಲವೂ ಕುಸಿಯುತ್ತವೆ ಎಂದು ನಂಬುವ ಹಾಕಿಂಗರ ಅಭಿಮಾನಿಗಳೂ ನಮ್ಮ ಕಿರುಹೊತ್ತಗೆಯವರೂ ಒಮ್ಮೆ ಶ್ರವಣಬೆಳಗೊಳಕ್ಕೆ ಹೋಗಿ ಬರಬೇಕು.

ಹಾಗಾದರೆ ವಿಜ್ಞಾನವನ್ನೂ ಧರ್ಮಚಿಂತನೆಯನ್ನೂ ಬೇರೆ ಬೇರೆ ಕೋಣೆಗಳಲ್ಲಿ ಬೀಗ ಹಾಕಿಡಬೇಕೇ? ಹಾಗೇನಿಲ್ಲ. ಇಕ್ಬಾಲ್ ತಮ್ಮ 'ಇಸ್ಲಾಮಿನ ಧಾರ್ಮಿಕ ಚಿಂತನೆಯ ಪುನರ್ರಚನೆ' ಉಪನ್ಯಾಸಗಳಲ್ಲಿ ಐನ್‌ಸ್ಟೈನರನ್ನು ಆಳವಾಗಿ ಓದಿ ಎದುರಿಸಿದರು. 1929ರ ಜನವರಿಯಲ್ಲಿ ಮದ್ರಾಸಿನಲ್ಲಿ ಆ ಉಪನ್ಯಾಸಗಳನ್ನು ನೀಡಿ ಬೆಂಗಳೂರು, ಮೈಸೂರಿಗೂ ಬಂದಿದ್ದರು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿಯ ಮುಂದೆ ನಿಂತಿದ್ದರು. ಕಾಲವನ್ನು ನಾಲ್ಕನೆಯ ಆಯಾಮವೆಂದು ಎಣಿಸಿದರೆ ಭವಿಷ್ಯವೂ ಈಗಾಗಲೇ ನಿಗದಿಯಾಗಿ ಕುಳಿತಂತಾಗುತ್ತದೆ, ಹೊಸದು ಹುಟ್ಟಲು ಜಾಗವೇ ಉಳಿಯುವುದಿಲ್ಲ ಎಂಬುದು ಅವರ ಆಕ್ಷೇಪ. ವಿಶ್ವ ಮುಗಿದ ವಸ್ತುವಲ್ಲ, ಬೆಳೆಯುತ್ತಿರುವುದು ಎಂದು ಅವರೂ ಕುರ್‌ಆನಿನತ್ತ ಬೆರಳು ಮಾಡಿದರು. ಆದರೆ ಅವರು ತಮ್ಮ ಮುನ್ನುಡಿಯಲ್ಲೇ, ದಾರ್ಶನಿಕ ಚಿಂತನೆಯಲ್ಲಿ ಅಂತಿಮ ಎಂಬುದಿಲ್ಲ, ಜ್ಞಾನ ಬೆಳೆದಂತೆ ತಮಗಿಂತ ಉತ್ತಮ ವಿಚಾರಗಳು ಬರಬಹುದು ಎಂದು ಬರೆದರು. ಆ ಒಂದು ಸಾಲಿನಷ್ಟು ವಿನಯ ಕಿರುಹೊತ್ತಗೆಗಳಲ್ಲೂ ಇಲ್ಲ, 'ದಿ ಗ್ರ್ಯಾಂಡ್ ಡಿಸೈನ್'ನಲ್ಲೂ ಇಲ್ಲ. ಇನ್ನು ಅಬ್ದುಸ್ಸಲಾಂ ಮತ್ತು ಸ್ಟೀವನ್ ವೈನ್‌ಬರ್ಗ್ 1979ರ ನೊಬೆಲ್ ಬಹುಮಾನವನ್ನು ಹಂಚಿಕೊಂಡವರು. ಒಬ್ಬರು ಬಹುಮಾನದ ಔತಣಕೂಟದಲ್ಲಿ ಕುರ್‌ಆನಿನ ಮಾತು ಉದ್ಧರಿಸಿದ ಆಸ್ತಿಕ, ಇನ್ನೊಬ್ಬರು ವಿಶ್ವ ಅರ್ಥವಾದಷ್ಟೂ ಉದ್ದೇಶಹೀನವಾಗಿ ಕಾಣುತ್ತದೆ ಎಂದು ಬರೆದ ನಾಸ್ತಿಕ. ಬೇರೆ ಬೇರೆಯಾಗಿ ಲೆಕ್ಕ ಮಾಡಿ ಇಬ್ಬರೂ ತಲುಪಿದ್ದು ಒಂದೇ ಸಿದ್ಧಾಂತವನ್ನು.

ಮೇಷ್ಟ್ರ ಪ್ರಶ್ನೆ ಈಚೆಗೆ ಮತ್ತೆ ನೆನಪಾಗುತ್ತಿದೆ. ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ತಿಳಿಯಿತು. ಅದಕ್ಕೆ ಕಾರಣವೆಂದು ಊಹಿಸಿದ 'ಕಪ್ಪು ಶಕ್ತಿ' ವಿಶ್ವದ ಸುಮಾರು ಶೇಕಡಾ 68 ಭಾಗವಂತೆ, ಕಾಣದ ಕಪ್ಪು ದ್ರವ್ಯ ಶೇಕಡಾ 27. ನಾವು, ನಮ್ಮ ಭೂಮಿ, ನಕ್ಷತ್ರಗಳು ಎಲ್ಲ ಸೇರಿ ಉಳಿದ ಐದರಲ್ಲಿ. ಹಿಗ್ಗುವ ವೇಗವನ್ನು ಎರಡು ವಿಧಾನದಿಂದ ಅಳೆದರೆ ಎರಡು ಉತ್ತರ ಬರುತ್ತಿದೆ, ಒಂದರಲ್ಲಿ 67, ಇನ್ನೊಂದರಲ್ಲಿ 73ರ ಆಸುಪಾಸು. ಕಪ್ಪು ಶಕ್ತಿ ಸ್ಥಿರವಲ್ಲ, ಕಾಲ ಕಳೆದಂತೆ ಬದಲಾಗುತ್ತಿರಬಹುದು ಎಂಬ ಸೂಚನೆಗಳು 2024 ಮತ್ತು 2025ರಲ್ಲಿ ಅರಿಜೋನಾದ 'ಡೆಸಿ' ಸಮೀಕ್ಷೆಯಿಂದ ಬಂದಿವೆ. ಅದು ನಿಜವಾದರೆ ವಿಶ್ವದ ಮುಂದಿನ ಗತಿಯ ಲೆಕ್ಕಗಳನ್ನೆಲ್ಲ ಮತ್ತೆ ಹಾಕಬೇಕಾಗುತ್ತದೆ. ಎಳೆಯ ವಿಶ್ವ ಬಿಸಿಯಾಗಿ, ದಟ್ಟವಾಗಿ ಇತ್ತು ಎಂಬುದು ಇದರಿಂದೇನೂ ಬಿದ್ದುಹೋಗುವುದಿಲ್ಲ. ಅದಕ್ಕೂ ಹಿಂದೆ ಏನು ಎಂಬುದು ಮಾತ್ರ ಇನ್ನೂ ತೆರೆದೇ ಇದೆ.

ಕಳೆದ ತಿಂಗಳು ಅಂಥದೇ ಒಂದು ಕಿರುಹೊತ್ತಗೆಯನ್ನು ಮತ್ತೆ ಕೊಂಡೆ. ಹೊಳೆಯುವ ರಕ್ಷಾಪುಟದ ಮೇಲೆ ಗ್ಯಾಲಕ್ಸಿಯ ಚಿತ್ರ, ಒಳಗೆ ಅದೇ ಎರಡು ವಚನಗಳು. ವಿಶ್ವದ ವಯಸ್ಸನ್ನು ಅದರಲ್ಲಿ ಇನ್ನೂ 1500 ಕೋಟಿ ವರ್ಷ ಎಂದೇ ಅಚ್ಚು ಹಾಕಿದ್ದಾರೆ. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ, ಬಿ.ಎಸ್ಸಿ. ಎರಡನೆಯ ವರ್ಷದವನಂತೆ, ಅದೇ ಪುಟ ತೆರೆದು ನೋಡಿ, "ಇದು ತಪ್ಪಲ್ವಾ ಕಾಕಾ?" ಎಂದು ಕೇಳಿದ. ಸಂಖ್ಯೆ ತಪ್ಪು ಎಂದೆ. ವಚನ? ಎಂದ. ಅಲ್ಲೇ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ಹೇಳಿ, ಗಝ್ಝಾಲಿಯವರ ಗ್ರಹಣದ ವಿಚಾರದಿಂದ ಮಾತು ಶುರು ಮಾಡಿದೆ.